ಹೆಡ್‌ಸೆಟ್ ರಿಪೇರಿ

ವಾಲ್ಪರೈಸೊದ ಗುಡ್ಡದ ಬುಡದಲ್ಲಿ
ತುರ್ತು ಕರೆಯ ಕೋಣೆ. ಕಿಟಕಿಯಿಲ್ಲ.
ತಿಂಗಳಿಗೆ ಎರಡು ಸಲ ಹೋಗುತ್ತೇನೆ,
ಒಂದು ಸ್ಕ್ರೂಡ್ರೈವರ್,
ಒಂದು ಡಬ್ಬಿ ಸ್ಪಂಜಿನ ಬಿಲ್ಲೆ.

ಯಾರ ಮುಖವೂ ನನಗೆ ಸರಿಯಾಗಿ ಗೊತ್ತಿಲ್ಲ.
ವೈರು ಗೊತ್ತು.

ಯಾಸ್ನಾಳ ವೈರಿನ ಮೇಲೆ ಹಲ್ಲಿನ ಗುರುತು.
ಫೋನು ಕೂಗುವ ಮೊದಲೇ ಅವಳಿಗೆ ಕೂಗು ಕೇಳುತ್ತದೆ.
ಮನೆಯಲ್ಲಿ ಕೆಟಲ್ ಸಿಳ್ಳೆ ಹಾಕಿದರೂ
"ವಿಳಾಸ ಹೇಳಿ" ಅನ್ನುತ್ತಾಳಂತೆ.

ಎಫ್ರೈನ್ ಬೇರೆಯೇ ಮಣ್ಣು.
ಮೈಕು ಮುಚ್ಚುವ ಗುಂಡಿ ಅವನದು ಸವೆದು ನುಣುಪು:
ಅದನ್ನು ಒತ್ತಿ, ಬಾಯಿತುಂಬ ಬೈದು, ಬಿಟ್ಟು,
ಜೇನಿನ ದನಿಯಲ್ಲಿ "ಹೇಳಿ ತಾಯಿ" ಎನ್ನುತ್ತಾನೆ.
ಪಾಳಿ ಮುಗಿದರೆ ಕೂಸಿನಂಥ ನಿದ್ದೆ.

ಎರ್ಮಿನಿಯಾ ಎಲ್ಲವನ್ನೂ ಒರೆಸುತ್ತಾಳೆ,
ಸುಟ್ಟ ಮನೆಯ ವರದಿಯಲ್ಲೂ ಅಲ್ಪವಿರಾಮ ತಿದ್ದುತ್ತಾಳೆ.
ಸ್ಪಿರಿಟ್ಟಿಗೆ ಅವಳ ಹೆಡ್‌ಸೆಟ್ಟಿನ ಅಂಟೆಲ್ಲ ಬಿಟ್ಟಿದೆ.
ಶುಚಿಗೂ ಒಂದು ಸವೆತ ಇದೆ.

ಇನ್ನು ಲಿಸಾಂದ್ರೊ.
ಒಂಬತ್ತು ವರ್ಷ, ಒಂದು ಬಿಲ್ಲೆ ಬದಲಿಸಿ ಎಂದು ಕೇಳಿದವನಲ್ಲ.
ಮೇಲಧಿಕಾರಿ ಎಲ್ಲರಿಗೂ ಅವನನ್ನೇ ತೋರಿಸುತ್ತಾಳೆ:
"ನೋಡಿ, ಕಲ್ಲು. ಹಾಗಿರಬೇಕು."

ಬೇಸಿಗೆಯ ಆ ಮೂರು ದಿನ
ಗಾಳಿ ಗುಡ್ಡ ಇಳಿದು ನೀಲಗಿರಿ ಮರಗಳು ಹೊತ್ತಿಕೊಂಡಾಗ
ನಾಲ್ವರ ಕಿವಿಗೂ ಬಿದ್ದದ್ದು ಒಂದೇ ಊರಿನ ಕೂಗು.
ಯಾಸ್ನಾ ಎರಡು ವಾರ ಅತ್ತಳು,
ಮೂರನೆಯ ವಾರ ಬಂದು ಹೊಸ ವೈರು ಕಚ್ಚತೊಡಗಿದಳು.
ಎಫ್ರೈನ್ ಕುಡಿದ, ಹಾಡಿದ, ಬಂದ.
ಎರ್ಮಿನಿಯಾ ಸತ್ತವರ ಪಟ್ಟಿಯನ್ನು
ಅಕ್ಷರಕ್ರಮದಲ್ಲಿ ಮತ್ತೆ ಮತ್ತೆ ಬರೆದಳು.
ಲಿಸಾಂದ್ರೊ ರಜೆಯನ್ನೇ ಹಾಕಲಿಲ್ಲ.

ಮೊನ್ನೆ ನೆಲದ ಕೇಬಲ್ ಎಳೆಯಲು
ಅವನ ಮೇಜಿನಡಿ ಅಂಗಾತ ಮಲಗಿದೆ.
ಟಾರ್ಚು ಹಾಕಿದರೆ ಹಲಗೆಯ ತಳದ ತುಂಬ
ಉಗುರಿನ ಗೀರು,
ಕೂತಲ್ಲಿಂದ ಕೈ ಎಷ್ಟು ಎಟುಕುತ್ತದೋ ಅಷ್ಟೂ.
ಹಳೆಯವುಗಳಲ್ಲಿ ಕೊಳೆ ಕೂತಿತ್ತು,
ಹೊಸವು ಇನ್ನೂ ಮರದ ಬಣ್ಣ.
ನನ್ನ ಕಿವಿಯ ಪಕ್ಕ ಅವನ ಬೂಟು, ಅಲುಗದೆ.
ಮೇಲಿನಿಂದ ದನಿ: "ನಿಧಾನ. ಬಾಗಿಲ ಬಣ್ಣ ಯಾವುದು?"

ಬೂದಿ ಮುಚ್ಚಿದ ಕೆಂಡ ಎನ್ನಬಹುದಿತ್ತು.
ಈ ಊರಲ್ಲಿ ಈಗ ಯಾರೂ ಆ ಮಾತು ಆಡುವುದಿಲ್ಲ.

ಪುಸ್ತಕದಲ್ಲಿ ಬರೆದೆ: ಕೇಬಲ್ ಸರಿಯಿದೆ.
ಮೇಜಿನ ತಳಕ್ಕೆ ಅಲ್ಲಿ ಅಂಕಣವಿಲ್ಲ.

ಕೇಳದೆಯೇ ಅವನ ಎರಡೂ ಬಿಲ್ಲೆ ಬದಲಿಸಿ ಕೊಟ್ಟೆ.
ಹಾಕಿಕೊಂಡ. ಬೆರಳಲ್ಲಿ ಒಮ್ಮೆ ಒತ್ತಿ ನೋಡಿದ.
"ಮೆತ್ತಗಿದೆ" ಎಂದ.
ನನಗೆ ಹೇಳಿದನೋ,
ಆಚೆ ಕೂಗುತ್ತಿದ್ದವರಿಗೋ, ಗೊತ್ತಾಗಲಿಲ್ಲ.