ಲಗೇಜು

ರಜೆ ಅರ್ಜಿಯಲ್ಲಿ 'ಬೆನ್ನುನೋವು' ಅಂತ ಬರೆದೆ.
ಸುಳ್ಳಲ್ಲ. ಬೆನ್ನು ನೋಯುತ್ತಿತ್ತು,
ಹದಿನಾಲ್ಕನೇ ವಯಸ್ಸಿನಿಂದ.
ಡಿಪೋದ ಗುಮಾಸ್ತ ಕನ್ನಡಕದ ಮೇಲಿಂದ
ಎಲ್ಲಿ ನೋಡಬಾರದೋ ಅಲ್ಲೇ ನೋಡಿ
ಸೀಲು ಒತ್ತಿದ.

ಹರಪನಹಳ್ಳಿ ಲೈನಿನಲ್ಲಿ ಹನ್ನೊಂದು ವರ್ಷ.
ಹೆಗಲಿಗೆ ಚೀಲ, ಕೊರಳಿಗೆ ಟಿಕೆಟ್ ಮಷೀನು,
ಎರಡೂ ಹೆಗಲಲ್ಲಿ ಒಳಪಟ್ಟಿ ಕೊರೆದ ಕಾಲುವೆ,
ಬೆರಳಿಟ್ಟರೆ ಬೆರಳು ಕೂರುತ್ತಿತ್ತು.
ಬೇಸಿಗೆಯಲ್ಲಿ ಅಡಿಯ ಮಡಿಕೆ ಬೆಂದು ಕೆಂಪಾಗಿ
ಪೌಡರು, ಕೊಬ್ಬರಿ ಎಣ್ಣೆ, ಹಳೇ ಪಂಚೆಯ ತುಂಡು.
'ಒಳಗ್ ಸರೀರಿ, ಒಳಗ್ ಸರೀರಿ' ಎನ್ನುತ್ತ
ಅಡ್ಡಡ್ಡ ತಿರುಗಿ ನುಸುಳುವುದು ಕಲಿತಿದ್ದೆ.
ಮೊಣಕೈಗಳ ಬಗ್ಗೆ ಕಲಿತದ್ದು ಇಲ್ಲಿ ಬೇಡ.

ಅವ್ವ ಅಂದಳು: 'ದೇವ್ರು ಕೊಟ್ಟಿದ್ದನ್ನ ಕೊಯ್ಸ್ಕಂತಾರೇನೆ?'
'ಹಲ್ಲೂ ದೇವ್ರೇ ಕೊಟ್ಟಿದ್ದು,
ನಿನ್ ದವಡಿ ಹಲ್ಲು ಎಲ್ಲೈತಿ?' ಅಂದೆ.
ಮೂರು ದಿನ ಮಾತು ಬಿಟ್ಟಳು.
ನಾಲ್ಕನೇ ದಿನ ಆಸ್ಪತ್ರೆಗೆ ಗಂಜಿ ತಂದಳು.

ಎಚ್ಚರವಾದಾಗ ಮೊದಲು ಬಂದದ್ದು ನೋವಲ್ಲ, ಬಾಯಾರಿಕೆ.
ಆಮೇಲೆ ಬಂತು.
ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಎದೆ ಮೇಲಿಟ್ಟು
ಯಾರೋ ಮಾತಾಡುತ್ತ ಮರೆತು ಹೋದ ಹಾಗೆ.

ಎರಡು ಕಂಕುಳ ಕೆಳಗಿಂದ ಎರಡು ನಳಿಗೆ,
ತುದಿಗೆ ಬುಡ್ಡಿ, ಬುಡ್ಡಿಯಲ್ಲಿ ಬೀಟ್‌ರೂಟ್ ಬೇಯಿಸಿದ ನೀರು.
ಅಳೆದು ಬರೀರಿ ಅಂದರು ಸಿಸ್ಟರ್ ಮೆಹರುನ್ನೀಸಾ.
ಬರೆದೆ, ವೇಬಿಲ್ಲಿನ ಹಾಗೆ ಗೆರೆ ಎಳೆದು:
ಎಡ ನಲವತ್ತು, ಬಲ ಅರವತ್ತೈದು.
ಎಡ ಮೂವತ್ತು, ಬಲ ಅರವತ್ತು.
ಬಲದ್ದು ಹಠಮಾರಿ,
ಕೊನೇ ಟ್ರಿಪ್ಪಿನ ಕುಡುಕ, ಇಳಿಯಲೊಲ್ಲದು.

ಡಿಸ್ಚಾರ್ಜ್ ಕಾರ್ಡಿನಲ್ಲಿ ತೂಕ ಬರೆದಿದ್ದರು.
ಬಲ ಒಂಬೈನೂರ ಇಪ್ಪತ್ತು ಗ್ರಾಂ,
ಎಡ ಎಂಟುನೂರ ಐವತ್ತು.
ಕೋಳಿ, ಮೆಣಸಿನಕಾಯಿ ಚೀಲ, ಒಮ್ಮೆ ಒಂದು ತೊಟ್ಟಿಲು,
ಎಲ್ಲಕ್ಕೂ ಲಗೇಜ್ ಟಿಕೆಟ್ ಹರಿದವಳು ನಾನು;
ಇದನ್ನು ಪುಕ್ಕಟೆ ಹೊತ್ತೆ.
ಎಲ್ಲಿ ಇಳಿಸಿದರು, ಕೇಳಲಿಲ್ಲ.
ಕೇಳಬೇಕಿತ್ತೇನೋ.
ಮಗಳು ಅಲ್ಲೇ ಬಾಯಿಟ್ಟು
ನಿದ್ದೆ ಹೋಗುತ್ತಿದ್ದಳು.

ದಿಂಬು ತಬ್ಬಿ ಆಟೋದಲ್ಲಿ ಮನೆಗೆ.
ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು.
ಗೂಡ್ಸು. ಐವತ್ತೆಂಟು ಡಬ್ಬಿ ಎಣಿಸಿದೆ,
ಒಂದೊಂದಕ್ಕೂ ಒಂದೊಂದು ಹೊಲಿಗೆ ಮಿಡಿಯಿತು.
ಹಳಿ ದಾಟುವಾಗ ಡ್ರೈವರು, ಕೇಳದೆಯೇ,
ನಿಧಾನ ಮಾಡಿದ.

ಮೂರು ವಾರ ಅರ್ಧ ಕೂತು ಅರ್ಧ ಮಲಗಿ.
ನೈಟ್ ಹಾಲ್ಟಿನ ಸೀಟಿನಲ್ಲಿ ರೂಢಿಯಿತ್ತು.
ಕೈ ಎತ್ತುವ ಹಾಗಿಲ್ಲ; ಜಡೆ ಹಾಕಿದ್ದು ತಂಗಿ ಗಂಗಾಂಬಿಕೆ,
ಬಿಗಿಯಾಗಿ, ಚಿಕ್ಕಂದಿನ ಸೇಡು ತೀರಿಸುತ್ತ.
ಇವರು ಮಂಡಕ್ಕಿ ತಂದರು, ಬಿಸಿ ಮಿರ್ಚಿ ತಂದರು,
ಎದುರು ಕೂತು ತಿಂದರು, ಪಟ್ಟಿಯ ಕಡೆ ನೋಡಲಿಲ್ಲ.
ಒಂಬತ್ತನೇ ದಿನ ಕೇಳಿದರು: 'ಉರಿಯುತ್ತೇನೆ?'
ಮಿರ್ಚಿಯೋ ಅಂದೆ. ನಕ್ಕೆವು.
ನಕ್ಕಿದ್ದಕ್ಕೆ ಇನ್ನೂ ಉರಿಯಿತು.

ಪಟ್ಟಿ ಬಿಚ್ಚಿದ ದಿನ ಕನ್ನಡಿಗೆ ಟವಲು ಹೊದಿಸಿದೆ.
ಆಮೇಲೆ ತೆಗೆದೆ.
ಲಂಗರಿನ ಆಕಾರದ ಹೊಲಿಗೆ ಅಂದಿದ್ದರು ಡಾಕ್ಟರು.
ದಾವಣಗೆರೆಯವಳು ಲಂಗರು ಎಲ್ಲಿ ನೋಡಲಿ?
ನನಗೆ ಕಂಡದ್ದು ಪಾತಾಳಗರಡಿ,
ಬಾವಿಗೆ ಬಿದ್ದ ಕೊಡ ಎತ್ತುತ್ತಾರಲ್ಲ, ಅದು.
ತೊಟ್ಟಿನ ಸುತ್ತ ಮುಟ್ಟಿದರೆ ಬೇರೆ ಯಾರದೋ ಚರ್ಮ.
ಸ್ಪರ್ಶ ಬರಬಹುದು, ಬರದೇ ಇರಬಹುದು, ಅಂದಿದ್ದಾರೆ.
ತಡವಾದ ಬಸ್ಸಿನ ಬಗ್ಗೆ
ನಾನೂ ಜನಕ್ಕೆ ಹಾಗೇ ಹೇಳುವುದು.

ಶಾಂಭವಿಗೆ ಹದಿಮೂರು.
ಈಚೆಗೆ ಸ್ಕೂಲ್ ಬ್ಯಾಗನ್ನು ಬೆನ್ನಿಗೆ ಹಾಕುವುದಿಲ್ಲ,
ಎದೆಗೆ ಅವುಚಿ, ಕುತ್ತಿಗೆ ಬಾಗಿಸಿ, ನನ್ನದೇ ನಡಿಗೆ.
ನಿನ್ನೆ ಬಾಗಿಲಲ್ಲಿ ನಿಂತು ಕೇಳಿದಳು:
'ಅಮ್ಮ, ನಂಗೂ ಹಂಗೇ ಆಗುತ್ತಾ?'
ಗೊತ್ತಿಲ್ಲ ಅಂದೆ.
ಬಾ ಅಂದೆ. ಬಂದಳು,
ತಾಗೀತೆಂದು ಒಂದು ಮಾರು ದೂರ ನಿಂತಳು.

ಬ್ಯಾಗು ಹಿಂದಕ್ಕೆ ಹಾಕ್ಕೊಂಡು ಒಂದ್ಸಲ ನಡಿ, ನೋಡಾಣ.
ನಡೆದಳು, ಒಲೆಯಿಂದ ಹೊಸಿಲವರೆಗೆ.
ನಾನೂ ಗೋಡೆ ಬಿಟ್ಟು ನಿಂತೆ.
ಇಬ್ಬರಿಗೂ ರೂಢಿ ಸಾಲದು.

ಕೈ ತಾನಾಗಿ ಹೆಗಲಿಗೆ ಹೋಯಿತು:
ಕಾಲುವೆ ಇನ್ನೂ ಅಲ್ಲೇ ಇದೆ,
ಭದ್ರಾ ನೀರು ನಿಲ್ಲಿಸಿದ ತಿಂಗಳಿನ ಹಾಗೆ,
ಖಾಲಿ.