ಬಿಳಿ ಎರಡು

ಶಿವಮೊಗ್ಗದ ಗಾಂಧಿ ಬಜಾರಿನ ಒಳಸಂದಿಯಲ್ಲಿ
ಅಪ್ಪನ ಹೊಲಿಗೆ ಮಿಷನ್ನು
ಭಜನೆಯ ಠೇಕಾದಲ್ಲೇ ಓಡುತ್ತಿತ್ತು.
ಕಾಜಾ ಹೊಲಿಯುವಾಗ ಮಾತ್ರ ವಿಳಂಬ.

ಮದುವೆಯ ರವಿಕೆ, ಪೊಲೀಸರ ಖಾಕಿ,
ಏಕಾದಶಿಯ ದಿನ ಯಾವುದೂ ಮುಗಿಯುತ್ತಿರಲಿಲ್ಲ.
"ನಾಳೆ ಬಾರಮ್ಮಾ, ಇವತ್ತು ವಿಠಲನ ಅಳತೆ"
ಎಂದು ನಗುತ್ತಿದ್ದರು ಜ್ಞಾನೋಬರಾಯರು.
ಬಾಕಿ ವಸೂಲಿಗೆ ಅಲೆದ ಅಮ್ಮ
ನಗುತ್ತಿರಲಿಲ್ಲ.

ತಾನು ಉಪವಾಸ. ನಮಗೆ
ಒಗ್ಗರಣೆ ಅವಲಕ್ಕಿ ತಾನೇ ಮಾಡಿ,
ರುಚಿ ನೋಡುವಂತಿಲ್ಲವಲ್ಲ,
ಪ್ರತಿ ಸಲ ಉಪ್ಪು ಜಾಸ್ತಿ.
ನಾವು ಯಾರೂ ಹೇಳಲಿಲ್ಲ.

ದನಿ ಅಂಥಾದ್ದೇನಲ್ಲ.
ಮೇಲಿನ ಷಡ್ಜ ಹತ್ತುವಾಗ ಕೆಮ್ಮು ಬಂದು
"ಅಲ್ಲಿಂದಾಚೆ ಪಾಂಡುರಂಗ ಒಬ್ಬನೇ ಹೋಗ್ತಾನೆ ಬಿಡಿ"
ಎಂದು ತಾಳದವರಿಗೆ ಕೈ ತೋರುತ್ತಿದ್ದರು.

ಹಾರ್ಮೋನಿಯಂ ತಿದಿ ಹರಿದ ವರ್ಷ
ನನ್ನ ಶಾಲೆಯ ನೀಲಿ ಲಂಗದ ತುಂಡೇ ತೇಪೆ.
ಒಂದು ಸ್ವರ, ಬಿಳಿ ಎರಡು,
ಒತ್ತದಿದ್ದರೂ ಕೂಗುತ್ತಿತ್ತು.
ರಿಪೇರಿಯವನನ್ನು ಬಾಗಿಲಲ್ಲೇ ತಡೆದರು:
"ಇರಲಿ ಮಾರಾಯ,
ಈ ಮನೇಲಿ ಕೇಳದೇ ಹಾಡೋದು ಅದೊಂದೇ."

ಹದಿಮೂರು ಕಳೆಯಿತು.
ತಮ್ಮ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಾನೆ.
ಅಮ್ಮ ಬಾಕಿ ಪುಸ್ತಕ ಬಿಚ್ಚಿಕೊಂಡು
ಹೆಸರುಗಳನ್ನು ಒಂದೊಂದಾಗಿ
ಹೊಡೆದುಹಾಕುತ್ತಿದ್ದಾಳೆ,
ಕೊಟ್ಟವರನ್ನೂ, ಕೊಡದವರನ್ನೂ.

ಧೂಳು ಒರೆಸಲೆಂದು ತಿದಿ ಸರಿಸಿದೆ.

ಬಿಳಿ ಎರಡು.

ಗಾಬರಿಯಲ್ಲಿ ಮುಚ್ಚಲು ಹೋದೆ.
ಅಮ್ಮ ತಲೆಯೆತ್ತದೆ ಅಂದಳು:
"ತಡಿ. ಉಸಿರು ತಾನಾಗೇ ಮುಗೀಲಿ."