ಎಡಚಿ

ಇಕ್ಕಳ ಬಿಗಿಯಾಗಿ ಹಿಡಿ, ಅಂತೇರಸ್.
ಕೈ ನಡುಗಿದರೆ ದೊರೆಗೆ ಎರಡು ಮೂಗು ಬಂದೀತು.
ಹಿಂದೊಮ್ಮೆ ಬಂದಿತ್ತು. ಆ ನಾಣ್ಯ ಮತ್ತೆ ಕರಗುವವರೆಗೆ
ಇಡೀ ಟಂಕಸಾಲೆ ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಿತ್ತು.

ನಾನು ಯಾವ ದೊರೆಯನ್ನೂ ಕಂಡವನಲ್ಲ.
ಸಿರಿಯಾದ ದಂಡಿನಿಂದ ಓಲೆ ಬರುತ್ತದೆ:
ಕೊರಳು ದಪ್ಪ, ಗಡ್ಡ ಮೋಟು, ಹಣೆಗೆ ಮೂರು ಗೆರೆ.
ಅಷ್ಟೇ. ಉಳಿದದ್ದಕ್ಕೆ
ಬೀದಿ ಮೂಲೆಯ ಕಸಾಯಿಯ ದವಡೆ ಎರವಲು.
ರೋಮು ಮುಖ ನೋಡಿ ಮಣೆ ಹಾಕುವ ಊರು;
ಆ ಮುಖವನ್ನೇ ಮಣೆಯ ಮೇಲಿಟ್ಟು ಕೊರೆಯುವವರು ನಾವು.

ಎಲ್ಲ ತಿರುವುಮುರುವು, ನೆನಪಿರಲಿ.
ಬಲಕ್ಕೆ ನೋಡಬೇಕಾದವನನ್ನು ಎಡಕ್ಕೆ ತಿರುಗಿಸು.
ಉಬ್ಬಬೇಕಾದ ಮೂಗಿಗೆ ಹಳ್ಳ ತೋಡು.
ಬಿರುದುಗಳನ್ನು ಬಾಲದಿಂದ ಶುರುಮಾಡು.
ನಲವತ್ತು ವರ್ಷ ಹೀಗೇ ಕೊರೆದು ಕೊರೆದು
ನೇರ ಬರಹ ನನ್ನ ಕಣ್ಣಿಗೆ ಹತ್ತುವುದಿಲ್ಲ.
ಚೌಕದ ಶಾಸನದ ಮುಂದೆ ನಿಂತರೆ
ನಾನೂ ಒಂದೇ, ಅಲ್ಲಿ ಕಟ್ಟಿದ ಕತ್ತೆಯೂ ಒಂದೇ.

ಬೆನ್ನ ಬದಿಗೆ ಶಾಂತಿದೇವಿ, ಕೈಯಲ್ಲಿ ಆಲಿವ್ ರೆಂಬೆ.
ದೇವಿಯನ್ನೂ ಕಂಡವನಲ್ಲ. ತ್ರಿಫೇರಾಳನ್ನು ಕಂಡಿದ್ದೆ.
ಉಣ್ಣೆಗೆ ಬಣ್ಣ ಹಾಕುವವಳು, ಮೊಣಕೈವರೆಗೂ ನೀಲಿ.
ಎಡಚಿ.
ಒದ್ದೆ ನೂಲಿನ ಲಡಿಯನ್ನು ಎಡಗೈಯಲ್ಲಿ ಎತ್ತಿ
ಹನಿ ತೊಟ್ಟಿಕ್ಕುತ್ತಿದ್ದಂತೆ ಬಿಸಿಲಿಗೆ ಹಿಡಿಯುತ್ತಿದ್ದಳು,
ಅಲ್ಲಿಗೆ ಬಿಸಿಲೇ ಅವಳಿಗೆ ಲೆಕ್ಕ ಒಪ್ಪಿಸಬೇಕು ಅನ್ನುವ ಹಾಗೆ.
ಹಾಗೇ ಕೊರೆದೆ. ಲಡಿಯ ಜಾಗಕ್ಕೆ ರೆಂಬೆ.
ಅಚ್ಚಿನಲ್ಲಿ ಎಡಗೈ; ಚಿನ್ನಕ್ಕೆ ಬಿದ್ದಾಗ ಬಲಗೈ.
ಅಧಿಕಾರಿ ತಲೆದೂಗಿದ.
ಚಿನ್ನಕ್ಕೆ ನೀಲಿ ತಿಳಿಯದು.

ಆ ದೊರೆ ತೊಂಬತ್ತು ದಿನಕ್ಕೆ ಹೋದ.
ದಪ್ಪ ಕೊರಳಿಗೆ ಏನಾಯಿತೆಂದು ಕೇಳಬೇಡ.
ಅವನ ಅಚ್ಚನ್ನು ನಾವೇ ಉಳಿಯಿಂದ ಗೀಚಿ ಹಾಳುಗೆಡವಿದೆವು,
ಸಾಕ್ಷಿ ಕರೆದು, ಲೆಕ್ಕದಲ್ಲಿ ಬರೆದು.
ಬೆನ್ನಿನ ಅಚ್ಚು ಮಾತ್ರ, ಚೆನ್ನಾಗಿದೆಯಲ್ಲ, ಇರಲಿ ಅಂದರು.
ಶಾಂತಿ ಯಾರ ಬೆನ್ನಿಗಾದರೂ ಹೊಂದುತ್ತಾಳೆ.
ಮತ್ತೊಬ್ಬ ಬಂದ. ಅವನ ಮೇಲೆ ಇನ್ನೊಬ್ಬ.
ಮೂರು ಗಂಡು ತಲೆಗಳ ಹಿಂದೆ ಅವಳೊಬ್ಬಳೇ
ಮೆಣಸಿನ ವರ್ತಕರ ಸೊಂಟದಲ್ಲಿ,
ಓಡಿಹೋದ ಸಿಪಾಯಿಯ ನಾಲಿಗೆಯಡಿಯಲ್ಲಿ,
ಹೆಸರು ಗೊತ್ತಿಲ್ಲದ ಕಡಲುಗಳನ್ನು ದಾಟಿದಳು.
ನಮ್ಮ ಮನೆಯ ಗಡಿಗೆಯಲ್ಲಿ ತಾಮ್ರವಿತ್ತು.

ಜ್ವರ. ನಾಲ್ಕು ದಿನ.
ಕಲ್ಲನ್ನು ನಾನೇ ಕೊರೆದೆ, ರಾತ್ರಿ, ಒಂದೇ ದೀಪದಲ್ಲಿ.
ಎಂಟೇ ಅಕ್ಷರ.
ಬೆಳಿಗ್ಗೆ ಗುಂಡಿ ತೋಡುವವನು ನೋಡಿ
ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ.
ಆ ರಸ್ತೆಯಲ್ಲಿ ಹೋಗುವವರು ಈಗಲೂ
ಕತ್ತು ಓರೆಮಾಡಿ ನಿಲ್ಲುತ್ತಾರೆ: ಇದು ಯಾವ ದೇಶದ ಲಿಪಿ?
ತಿದ್ದಲಿಲ್ಲ ನಾನು.
ಕಲ್ಲಿನ ಆಚೆಯಿಂದ ಓದುವವಳಿಗೆ ಅದು ನೇರ.
ಅವಳಿಗೆ ಓದು ಬರುತ್ತಿರಲಿಲ್ಲ, ಆ ಮಾತು ಬೇರೆ.

ಹ್ಞೂಂ, ಬಿಲ್ಲೆ ಕೆಂಪಗೆ ಕಾದಿದೆ. ಇಡು.
ಸುತ್ತಿಗೆ ಎತ್ತುತ್ತಿದ್ದೇನೆ.
ಬೆರಳು ಜೋಪಾನ.